ಡಿಗ್ರಿ ಮುಗಿಯಿತು, ಅವ್ವನ ಕಾಗದ ಓದುವವರು ಯಾರು?

ಹಾಸ್ಟೆಲ್ ಗೆಳೆಯರೇ, ಗೆಳತಿಯರೇ,

ಕೊನೆಯ ಪೇಪರ್ ಬರೆದ ಸಂಜೆ ಹಾಸ್ಟೆಲ್ಲಿನಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ಗೊತ್ತೇ ಇದೆ. ಒಬ್ಬ ಟ್ರಂಕಿಗೆ ಬೀಗ ಹಾಕುತ್ತಾನೆ. ಒಬ್ಬ ಹಾಸಿಗೆ ಸುತ್ತುತ್ತಾನೆ. ಒಬ್ಬ ತನ್ನ ನೋಟ್ಸು ಜೂನಿಯರ್ ಕೈಗೆ ಕೊಡುತ್ತಾನೆ. ರಾತ್ರಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ತಿಳಿಯುತ್ತದೆ, ನಾಳೆಯಿಂದ ಇಲ್ಲಿ ನನಗೆ ಜಾಗವಿಲ್ಲ. ಮೂರು ವರ್ಷ ಬೈದುಕೊಂಡು ಉಂಡ ಆ ನೀರು ಸಾರು ಅವತ್ತು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಸಾವುಕಾರರ ಮಕ್ಕಳಿಗೆ ಡಿಗ್ರಿ ಮುಗಿಯಿತೆಂದರೆ ಫೋಟೊ, ಪಾರ್ಟಿ. ನಮಗೆ ಡಿಗ್ರಿ ಮುಗಿಯಿತೆಂದರೆ ಹೊತ್ತಿನ ಊಟ, ಓದುವ ಲೈಟು, ಮಲಗುವ ಕೋಣೆ ಎಲ್ಲಾ ಒಂದೇ ದಿನ ಮುಗಿದಂತೆ.

ಆಮೇಲೆ ಬಸ್ಸು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಯಾವ ಸ್ಟ್ಯಾಂಡಿನಲ್ಲಿ ಇಳಿದು ಊರ ಕಡೆ ಹೊರಟರೂ ಕೇಳುವ ಮಾತು ಒಂದೇ: "ಏನಪಾ ತಮ್ಮಾ, ಸಾಲಿ ಮುಗೀತಂತಲ್ಲ, ನೌಕ್ರಿ ಯಾವಾಗ?" ತಂಗಿಯರಿಗೆ ಅದೂ ಇಲ್ಲ. ಅವರಿಗೆ "ಮದಿವಿ ಯಾವಾಗ?"

ಈ ಪ್ರಶ್ನೆಗೆ ಹೆದರಿ ನಾನು ಎರಡು ವರ್ಷ ಊರಿಗೆ ಸರಿಯಾಗಿ ಹೋಗಲಿಲ್ಲ. ಸಿಂಧನೂರಿನಲ್ಲಿ ನಾಲ್ಕು ಜನ ಸೇರಿ ಒಂದು ಕೋಣೆ ಹಿಡಿದೆವು. ಪಿಡಿಒ, ಎಫ್‌ಡಿಎ, ಪಿಎಸ್‌ಐ ಅಂತ ಪುಸ್ತಕ ಪೇರಿಸಿದೆವು. ರಾತ್ರಿ ನಾನು ಕ್ರಾಂತಿಯ ಮೇಲೆ ಪದ್ಯ ಬರೆಯುತ್ತಿದ್ದೆ. ಕೋಣೆಯ ಬಾಡಿಗೆ ಮಾತ್ರ ಅವ್ವ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ನಾಟಿ ಹಚ್ಚಿದ ಕೂಲಿಯಿಂದ ಬರುತ್ತಿತ್ತು.

ಒಂದು ದಿನ ಅವ್ವನೇ ಕೋಣೆಗೆ ಬಂದಳು. ಸೆರಗಿನ ಗಂಟಿನಲ್ಲಿ ಒಂದು ಕಾಗದ. ಅಜ್ಜನಿಗೆ ಸರ್ಕಾರ ಕೊಟ್ಟು, ಆಮೇಲೆ ಬೇರೆಯವರ ಕೈ ಸೇರಿದ ಎರಡೆಕರೆ ಹೊಲದ ಬಗ್ಗೆ ಬಂದ ನೋಟೀಸು. ಬಂದು ನಾಲ್ಕು ತಿಂಗಳಾಗಿತ್ತು.

"ಯಾಕ ಮೊದ್ಲ ತರಲಿಲ್ಲವ್ವಾ?"

"ನೀ ಓದಾಕತ್ತಿ, ತ್ರಾಸು ಕೊಡಬಾರ್ದಂತ ಸುಮ್ನಿದ್ನೆಪ್ಪ. ಊರಾಗ ಒಬ್ಬಾತಗ ಇನ್ನೂರು ರೂಪಾಯಿ ಕೊಟ್ಟು ಓದಿಸಿದೆ. ಏನಿಲ್ಲ, ಇಟ್ಕೊ ಅಂದ."

ಓದಿದೆ. ಹಾಜರಾಗಬೇಕಿದ್ದ ದಿನ ಕಳೆದುಹೋಗಿತ್ತು.

ಬಿ.ಎ. ಪಾಸಾದ ಮಗ ಬಸ್ಸಿನಲ್ಲಿ ಒಂದು ತಾಸಿನ ದೂರದಲ್ಲಿದ್ದಾನೆ. ತಾಯಿ ಕೂಲಿಯ ದುಡ್ಡು ಕೊಟ್ಟು ಇನ್ನೊಬ್ಬನ ಕೈಯಲ್ಲಿ ಕಾಗದ ಓದಿಸುತ್ತಾಳೆ! ನನ್ನ ಪದವಿಯ ಬೆಲೆ ಎಷ್ಟು ಎಂದು ಅವತ್ತು ತಿಳಿಯಿತು. ಇನ್ನೂರು ರೂಪಾಯಿಯೂ ಇಲ್ಲ.

ಗೆಳೆಯರೇ, ನೌಕರಿ ಬೇಡ ಎಂದು ನಾನು ಹೇಳುತ್ತಿಲ್ಲ. ನೌಕರಿ ಬೇಕು. ಅದು ಯಾರೋ ಹಾಕುವ ಭಿಕ್ಷೆಯಲ್ಲ. ನಮ್ಮ ಭಾಗದವರು ದಶಕಗಟ್ಟಲೆ ಕೂಗಿದ ಮೇಲೆ 2012ರ ಕೊನೆಗೆ ಪಾರ್ಲಿಮೆಂಟು 371(ಜೆ) ಕಲಮನ್ನು ಒಪ್ಪಿತು. 2013ರಲ್ಲಿ ಅದು ಜಾರಿಗೆ ಬಂತು. ಅದರ ಪ್ರಕಾರ ಇಲ್ಲಿನ 'ಸಿ' ಗುಂಪಿನ ಸ್ಥಳೀಯ ಹುದ್ದೆಗಳಲ್ಲಿ ನೂರಕ್ಕೆ 80, 'ಡಿ' ಗುಂಪಿನಲ್ಲಿ ನೂರಕ್ಕೆ 85 ಈ ಭಾಗದವರಿಗೇ. ಆದರೆ ಹುದ್ದೆ ಕರೆದರೆ ತಾನೆ ಮೀಸಲಾತಿ? ಕರೆಯದ ಹುದ್ದೆಯಲ್ಲಿ ನೂರಕ್ಕೆ 85 ಎಂದರೆ ಎಷ್ಟು? ಸೊನ್ನೆ! 2024ರ ಅಕ್ಟೋಬರ್ ಕೊನೆಗೆ ರಾಜ್ಯ ಸಂಪುಟ, ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿಗೆ ಅಧಿಸೂಚನೆ ಬೇಡ ಎಂದಿತು. ಸಂಪುಟದ ತೀರ್ಮಾನ ಬಂದದ್ದು 2025ರ ಆಗಸ್ಟಿನಲ್ಲಿ. ಒಳಮೀಸಲಾತಿ ನ್ಯಾಯದ ಬೇಡಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಳುವವರು ಮಾಡುವ ತಡಕ್ಕೆ ತೆರಿಗೆ ಕಟ್ಟುವುದು ನಮ್ಮ ವಯಸ್ಸು. 2024ರಲ್ಲಿ ಶುರುವಾದ ಯುವನಿಧಿಯಲ್ಲಿ ಪದವೀಧರನಿಗೆ ಗೊತ್ತುಮಾಡಿದ್ದು ತಿಂಗಳಿಗೆ 3000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಕೋಣೆಯ ಬಾಡಿಗೆಗೆ, ಅರ್ಜಿ ಫೀಸಿಗೆ ಅದು ಆದೀತು. ಬದುಕಿಗೆ ಆಗುವುದಿಲ್ಲ.

ಹೀಗಾಗಿ ಕಾಯುವುದು ನಮ್ಮ ಹಣೆಗೆ ಅಂಟಿದೆ. ಕೆಲವರು ಕಾದು ಕಾದು ಕೊನೆಗೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಮಾರ್ಕ್ಸ್ ಕಾರ್ಡು ಟ್ರಂಕಿನಲ್ಲೇ ಉಳಿಯುತ್ತದೆ. ನನ್ನ ಪ್ರಶ್ನೆ ಇಷ್ಟೇ: ಈ ಕಾಯುವ ವರ್ಷಗಳು ಯಾರವು? ಅಧಿಸೂಚನೆ ಹೊರಡಿಸುವವರವೋ, ನಮ್ಮವೋ?

ಬಾಬಾಸಾಹೇಬರ ಕಡೆ ನೋಡಿ. 1912ರಲ್ಲಿ ಬಿ.ಎ. ಮುಗಿಸಿದರು. 1913ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದ ಸ್ವಲ್ಪ ದಿನಕ್ಕೇ ತಂದೆ ತೀರಿಕೊಂಡರು. ಅದೇ ವರ್ಷ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಮೆರಿಕ, ಲಂಡನ್ ಎರಡೂ ಕಡೆ ಓದಿ 1917ರಲ್ಲಿ ಬರೋಡಾಕ್ಕೆ ಮರಳಿದರೆ ಕಚೇರಿಯ ಜವಾನರು ಫೈಲುಗಳನ್ನು ದೂರದಿಂದ ಎಸೆದರು. ತಂಗಿದ್ದ ಪಾರ್ಸಿ ವಸತಿಗೃಹಕ್ಕೆ ದೊಣ್ಣೆ ಹಿಡಿದ ಗುಂಪು ನುಗ್ಗಿ ಹೊರಗೆ ಹಾಕಿತು. ಅಷ್ಟು ದೊಡ್ಡ ಪದವಿ ಹೊತ್ತ ಮನುಷ್ಯ ಮರದ ಕೆಳಗೆ ಕೂತು ಅತ್ತರು. ಜಾತಿಗೆ ಸರ್ಟಿಫಿಕೇಟು ಓದಲು ಬರುವುದಿಲ್ಲ!

ಆದರೆ ಆಮೇಲೆ ಅವರು ಏನು ಮಾಡಿದರು? 1920ರ ಜನವರಿಯಲ್ಲಿ 'ಮೂಕನಾಯಕ' ಪತ್ರಿಕೆ ಹೊರಟಿತು. ಆಗ ಅವರ ಲಂಡನ್ನಿನ ಓದು ಅರ್ಧಕ್ಕೆ ನಿಂತಿತ್ತು. ಅದೇ ವರ್ಷ ಮತ್ತೆ ಹೋಗಿ ಅದನ್ನು ಮುಗಿಸಿಕೊಂಡು ಬಂದರು. ಮೊದಲು ಸೆಟ್ಲ್ ಆಗುತ್ತೇನೆ, ಆಮೇಲೆ ಜನ ಎಂದು ಅವರು ಅನ್ನಲಿಲ್ಲ. 1956ರ ಮಾರ್ಚ್ 18ರಂದು ಆಗ್ರಾದಲ್ಲಿ ಮಾತಾಡುವಾಗ ಅವರನ್ನು ಹೆಚ್ಚು ನೋಯಿಸಿದ್ದು ಓದಿದವರ ನಡತೆ. ಓದಿ ಮೇಲೆ ಬಂದವರು ತಮ್ಮ ಹೊಟ್ಟೆ ತುಂಬಿಸಿಕೊಳ್ಳುತ್ತ ಕೂತರು ಎಂಬ ದುಃಖ ಅದು. ಅದರಲ್ಲಿ ನನ್ನ ಸಿಂಧನೂರಿನ ಕೋಣೆಯೂ ಇತ್ತು ಎಂದು ನನಗೆ ಈಗ ಅನಿಸುತ್ತದೆ.

"ನಮ್ಮ ಹೊಟ್ಟೆಗೇ ಇಲ್ಲ, ಸಮಾಜಕ್ಕೆ ಏನು ಮಾಡೋಣ?" ಎನ್ನುತ್ತೀರಿ. ಸರಿಯಾದ ಮಾತು. ಅದಕ್ಕೇ ನಾನು ಕೇಳುವುದು ವಾರಕ್ಕೆ ಒಂದು ಸಂಜೆ. ಆರು ದಿನ ಓದಿರಿ, ದುಡಿಯಿರಿ, ಪರೀಕ್ಷೆ ಬರೆಯಿರಿ. ಒಂದು ಸಂಜೆ ನಿಮ್ಮ ಕೇರಿಯಲ್ಲಿ ಒಂದು ನೋಟುಬುಕ್ ಇಟ್ಟುಕೊಂಡು ಕೂಡಿರಿ. ಯಾರ ಕಾಗದ, ಯಾವ ಕಚೇರಿ, ಯಾವ ತಾರೀಖು, ಇಷ್ಟು ಬರೆದರೆ ಸಾಕು. ಅರ್ಜಿ ಕೊಟ್ಟರೆ ಸ್ವೀಕೃತಿ ಇಲ್ಲದೆ ಬರಬೇಡಿರಿ ಎಂದು ಹೇಳಿರಿ. ಭಾಷಣಕ್ಕಿಂತ ಇದು ಕಷ್ಟದ ಕೆಲಸ.

ಒಂದು ಉದಾಹರಣೆ ಹೇಳುತ್ತೇನೆ. ದಲಿತರಿಗೆ, ಆದಿವಾಸಿಗಳಿಗೆ ಸರ್ಕಾರ ಮಂಜೂರು ಮಾಡಿದ ಹೊಲವನ್ನು ಅನುಮತಿ ಇಲ್ಲದೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ ಎಂದು 1978ರಿಂದ ಕರ್ನಾಟಕದಲ್ಲಿ ಕಾಯಿದೆ ಇದೆ. ಪಿಟಿಸಿಎಲ್ ಅಂತಾರೆ. ಹಾಗೆ ಕೈಬಿಟ್ಟ ಹೊಲವನ್ನು ವಾರಸುದಾರರಿಗೆ ಮರಳಿಸುವ ಅಧಿಕಾರ ಎ.ಸಿ. ಸಾಹೇಬರಿಗಿದೆ. 2017ರಲ್ಲಿ ಸುಪ್ರೀಂ ಕೋರ್ಟು, ಬಹಳ ತಡವಾಗಿ ಬಂದ ಅರ್ಜಿ ನಡೆಯದು ಎಂದಿತು. ಎಷ್ಟೋ ಜನರ ಕೇಸು ಬಿದ್ದುಹೋದವು. ಜನ ಬೀದಿಗಿಳಿದರು. 2023ರಲ್ಲಿ ತಿದ್ದುಪಡಿ ಬಂತು, ಅರ್ಜಿಗೆ ಕಾಲಮಿತಿ ಇಲ್ಲ ಎಂದು ಕಾಯಿದೆಯಲ್ಲೇ ಸೇರಿತು. ಈ ಸುದ್ದಿ ನಿಮ್ಮ ಕೇರಿಯಲ್ಲಿ ಎಷ್ಟು ಮನೆಗೆ ತಲುಪಿದೆ? ತಲುಪಿಸುವವರು ಯಾರು? ಹೊಲ ಹಿಡಿದು ಕೂತ ಜಮೀನ್ದಾರ ಬಂದು ಹೇಳುತ್ತಾನೆಯೇ?

ನಮ್ಮ ಎರಡೆಕರೆಯ ಅರ್ಜಿಯನ್ನು ನಾನೇ ಬರೆದೆ. ಲಿಂಗಸುಗೂರಿನ ಎ.ಸಿ. ಕಚೇರಿಯ ಮೆಟ್ಟಿಲನ್ನು ಅವ್ವ, ನಾನು ಕೂಡಿ ಹತ್ತುತ್ತೇವೆ. ಗೆದ್ದೆವಾ? ಇನ್ನೂ ಇಲ್ಲ. ವಾಯಿದೆ ಮೇಲೆ ವಾಯಿದೆ ನಡೆದಿದೆ. ಆದರೆ ಈಗ ತಾರೀಖು ತಪ್ಪುವುದಿಲ್ಲ. ನೌಕರಿ ನನಗೂ ಬಂದಿಲ್ಲ. ಆದರೆ ಊರಿಗೆ ಹೋಗಲು ಈಗ ಹೆದರಿಕೆ ಇಲ್ಲ. "ನೌಕ್ರಿ ಬಂತೇನು?" ಎಂದು ಕೇಳುತ್ತಿದ್ದವರೇ ಈಗ "ತಮ್ಮಾ, ಇದೊಂದು ಕಾಗದ ನೋಡಪಾ" ಎನ್ನುತ್ತಾರೆ.

ಇನ್ನೊಂದು ಮಾತು. ಹಾಸ್ಟೆಲ್ಲಿನಲ್ಲಿ ನೀವು ಬಿಟ್ಟುಬಂದ ಹಾಸಿಗೆಗೆ ಯಾರು ಬರಬೇಕು? ನಿಮ್ಮ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಭತ್ತದ ಗದ್ದೆಗೆ ಇಳಿಯಲಿರುವ ಒಬ್ಬ ಹುಡುಗ, ಮದುವೆಗೆ ತಯಾರು ಮಾಡಿರುವ ಒಬ್ಬ ಹುಡುಗಿ ಇದ್ದೇ ಇರುತ್ತಾರೆ. ಅವರ ಜಾತಿ, ಆದಾಯ ಸರ್ಟಿಫಿಕೇಟು ಮಾಡಿಸಿ, ಹಾಸ್ಟೆಲ್ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿರಿ. ನಿಮ್ಮ ಘಟಿಕೋತ್ಸವ ಆಗುವುದು ಅವತ್ತು.

ಮಸ್ಕಿಯ ಬಂಡೆ ನೋಡಿದ್ದೀರಾ? ಎಷ್ಟೋ ಸಲ ಅದರ ಬೋರ್ಡಿನ ಮುಂದೆ ಟಂಟಂನಲ್ಲಿ ಹಾದುಹೋಗಿದ್ದೀರಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಚಿನ್ನ ಹುಡುಕುತ್ತ ಬಂದು ಅಲ್ಲಿನ ಶಾಸನ ಕಂಡ. 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂದು ಜಗತ್ತಿಗೆ ಖಚಿತವಾಗಿದ್ದು ಈ ಬಂಡೆಯಿಂದ. ಪುಸ್ತಕದಲ್ಲಿ ನಾವು ಇಷ್ಟೇ ಓದಿದ್ದೇವೆ, ಎರಡು ಮಾರ್ಕಿನ ಪ್ರಶ್ನೆಗೆ. ಅದರ ಒಳಗಿನ ಮಾತು ಏನು ಗೊತ್ತೇ? ಧಮ್ಮದಲ್ಲಿ ನಡೆದರೆ ಸಣ್ಣವನೂ ಗುರಿ ಮುಟ್ಟಬಲ್ಲ, ಅದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ ಎಂಬರ್ಥದ ಮಾತು. ನಮ್ಮ ಊರ ಪಕ್ಕದ ಕಲ್ಲಿನ ಮೇಲೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಬರೆದಿಟ್ಟ ಮಾತು ಇದು! ಆದರೆ ಓದುವವರಿಲ್ಲದೆ ಅದು ಕಲ್ಲಾಗಿಯೇ ಬಿದ್ದಿತ್ತು.

ಅವ್ವನ ಸೆರಗಿನ ಗಂಟಿನ ಕಾಗದವೂ ಹಾಗೇ ಬಿದ್ದಿದೆ, ಗೆಳೆಯರೇ. ಟ್ರಂಕು ಇಳಿಸಿದ ದಿನವೇ ಕೇಳಿರಿ: "ಯವ್ವಾ, ಓದೋ ಕಾಗದ ಏನಾರ ಅದಾವೇನು?"

ಜೈ ಭೀಮ್.