ಮೀಸಲಾತಿ ಸರಿ, ಬಿಲ್ ಯಾವಾಗ?



2025ರ ಮಾರ್ಚ್ 21ರಂದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ (ಕೆಟಿಪಿಪಿ) ತಿದ್ದುಪಡಿ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಾಗ ಸದನದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವಂತಿರಲಿಲ್ಲ. ಒಂದು ಕಡೆ ರಾಜಕಾರಣಿಗಳ ಮೇಲಿನ ಹನಿಟ್ರ್ಯಾಪ್ ಯತ್ನದ ಆರೋಪ, ಇನ್ನೊಂದು ಕಡೆ ಸರ್ಕಾರಿ ಗುತ್ತಿಗೆಯಲ್ಲಿ ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಶೇ 4 ಮೀಸಲಾತಿ. ಬಿಜೆಪಿ ಸದಸ್ಯರು ಮಸೂದೆಯ ಪ್ರತಿ ಹರಿದು ಸಭಾಧ್ಯಕ್ಷರ ಪೀಠದತ್ತ ತೂರಿದರು, ಬಿಜೆಪಿಯ 18 ಶಾಸಕರು ಅಮಾನತಾದರು. ಅದೇ ದಿನ, ಅದೇ ಗದ್ದಲದಲ್ಲಿ ಶಾಸಕರ ಮಾಸಿಕ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆಯೂ ಪಾಸಾಯಿತು.

ಮೀಸಲಾತಿ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ಕಳಿಸಿದರು. ಅದರ ಪರ-ವಿರೋಧ ಹೇಳುವವರು ಬೇಕಾದಷ್ಟು ಜನರಿದ್ದಾರೆ. ನನ್ನ ತಕರಾರು ಬೇರೆ. ಕೆಲಸ ಯಾರಿಗೆ ಎಂದು ಅಷ್ಟೊಂದು ಕೂಗಾಡಿದ ಸದನ, ಟೆಂಡರ್ ಎಷ್ಟು ದೊಡ್ಡದಿರಬೇಕು, ಮುಗಿಸಿದ ಕೆಲಸಕ್ಕೆ ಹಣ ಯಾವಾಗ ಎಂಬುದನ್ನು ಕೂತು ಚರ್ಚಿಸಲಿಲ್ಲ.

ಮಸೂದೆಯ ಪ್ರಕಾರವೇ ಮೀಸಲಾತಿ ಸಿಗುವುದು 2 ಕೋಟಿ ರೂಪಾಯಿವರೆಗಿನ ಕಾಮಗಾರಿಗೆ. ಐದಾರು ಹಳ್ಳಿಗಳ ರಸ್ತೆ, ಚರಂಡಿ, ಅಂಗನವಾಡಿ ಕಟ್ಟಡ ಎಲ್ಲ ಸೇರಿಸಿ ಒಂದೇ ಪ್ಯಾಕೇಜ್ ಮಾಡಿದರೆ ಮೊತ್ತ ಆ ಮಿತಿ ದಾಟುತ್ತದೆ. ಆಗ ಪರಿಶಿಷ್ಟ ಜಾತಿಯವನಿಗೂ ಇಲ್ಲ, ಹಿಂದುಳಿದ ವರ್ಗದವನಿಗೂ ಇಲ್ಲ. ದೊಡ್ಡ ಕಂಪನಿ ಟೆಂಡರ್ ಹಿಡಿದು ಅದೇ ಊರಿನವನಿಗೆ ಕಡಿಮೆ ದರಕ್ಕೆ ಉಪಗುತ್ತಿಗೆ ಕೊಡುತ್ತದೆ. ಇನ್ನು ಕೆಟಿಪಿಪಿ ಕಾಯ್ದೆಯ ಸೆಕ್ಷನ್ 4(ಜಿ) ವಿನಾಯಿತಿಯಡಿ ಟೆಂಡರೇ ಕರೆಯದೆ ಕೆಲಸ ವಹಿಸಬಹುದು. ಯಾವ ಪಕ್ಷದ ಸರ್ಕಾರ ಬಂದರೂ ಅದನ್ನು ಬಿಟ್ಟುಕೊಟ್ಟಿಲ್ಲ.

ಇನ್ನು ಬಿಲ್ ವಿಚಾರ. ಉಪವಿಭಾಗದ ಕಚೇರಿಯಲ್ಲಿ ಕೂತು ಎಂ.ಬಿ. (ಅಳತೆ ಪುಸ್ತಕ) ಬರೆದವನು ನಾನು. ಉದ್ದ, ಅಗಲ, ದಪ್ಪ ದಾಖಲಿಸಿ, ಮೇಲಧಿಕಾರಿ ಅಳತೆ ತಾಳೆ ನೋಡಿ ಸಹಿ ಹಾಕಿದ ಮೇಲೂ ಹಣ ಬಿಡುಗಡೆಗೆ ಬೇಕಾದ ಎಲ್‌ಒಸಿ ಬಂದಿಲ್ಲವೆಂದು ಸಣ್ಣ ಗುತ್ತಿಗೆದಾರರು ಹೊರಗಿನ ಬೆಂಚಿನ ಮೇಲೆ ಸಂಜೆವರೆಗೆ ಕಾಯುತ್ತಿದ್ದರು. ಕ್ರಷರ್‌ನವರ ಬಾಕಿ, ಟಿಪ್ಪರ್ ಕಂತು, ಕೂಲಿಯವರ ಶನಿವಾರದ ಬಟವಾಡೆ ಎಲ್‌ಒಸಿಗಾಗಿ ನಿಲ್ಲುವುದಿಲ್ಲ. ಒಡವೆ ಅಡವಿಟ್ಟು ಜೆಲ್ಲಿ ತಂದವರನ್ನು ನೋಡಿದ್ದೇನೆ. ಈಗಂತೂ ಡೀಸೆಲ್ ಮೇಲಿನ ರಾಜ್ಯ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿದೆ. ತೆರಿಗೆಯನ್ನು ಬಂಕಿನಲ್ಲೇ ವಸೂಲು ಮಾಡುವ ಸರ್ಕಾರ, ತಾನು ಕೊಡಬೇಕಾದ ಹಣಕ್ಕೆ ಮಾತ್ರ ಗಡುವು ಹಾಕಿಕೊಳ್ಳುವುದಿಲ್ಲ.

ಬಜೆಟ್‌ನಲ್ಲಿ ಕಡಿತ ಮಾಡಿದೆವು ಎಂದು ಯಾವ ಹಣಕಾಸು ಸಚಿವರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಮಗಾರಿ ಮಂಜೂರು ಮಾಡಿ, ಶಂಕುಸ್ಥಾಪನೆ ಮಾಡಿ, ಹಣ ಬಿಡುಗಡೆ ಮಾಡದಿದ್ದರೆ ಅದೇ ಕಡಿತ. 2025-26ರ ಬಜೆಟ್ ಗಾತ್ರ 4,09,549 ಕೋಟಿ. ಅದರಲ್ಲಿ ಸರ್ಕಾರದ ಗ್ಯಾರಂಟಿ ಯೋಜನೆಗಳಿಗೆ 51 ಸಾವಿರ ಕೋಟಿಗೂ ಹೆಚ್ಚು. ಗ್ಯಾರಂಟಿ ಹಣ ಬಡವರ ಮನೆ ಸೇರುತ್ತಿದೆ, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಹಣ ಕೊಡಲಾಗದಷ್ಟು ಕಾಮಗಾರಿಗೆ ಕಾರ್ಯಾದೇಶ ನೀಡುವುದನ್ನು ಆಕ್ಷೇಪಿಸುತ್ತೇನೆ. 2021ರಲ್ಲಿ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ಶೇ 40 ಕಮಿಷನ್ ಆರೋಪ ಮಾಡಿದಾಗ ವಿರೋಧ ಪಕ್ಷದಲ್ಲಿದ್ದವರೇ ಈಗ ಆಡಳಿತದಲ್ಲಿದ್ದಾರೆ. ಬಿಲ್ ಪಾವತಿಗೆ ಸರದಿ ಇಲ್ಲದಿದ್ದರೆ ಸರದಿ ತಪ್ಪಿಸಿ ಕೊಡಿಸುವವರು ಹುಟ್ಟಿಕೊಳ್ಳುತ್ತಾರೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಮುಂದಿನ ಅಧಿವೇಶನದಲ್ಲಿ ಇಲಾಖಾವಾರು ಬಾಕಿ ಬಿಲ್‌ಗಳ ಪಟ್ಟಿ, ದಿನಾಂಕದ ಸರದಿಯಂತೆ, ಸದನದ ಮುಂದೆ ಬರಲಿ. 4(ಜಿ) ಅಡಿ ಕೊಟ್ಟ ಒಂದೊಂದು ವಿನಾಯಿತಿಗೂ ಕಾರಣ ಹೇಳಲಿ. ವಿರೋಧ ಪಕ್ಷದವರು ಸದನದ ಬಾವಿಗಿಳಿಯುವ ಬದಲು, ಸಣ್ಣ ಕಾಮಗಾರಿಗಳನ್ನು ಪ್ಯಾಕೇಜ್ ಮಾಡುವುದನ್ನು ನಿಷೇಧಿಸುವ ತಿದ್ದುಪಡಿ ಮಂಡಿಸಿ ಮತಕ್ಕೆ ಹಾಕಿಸಲಿ.

– ನಿವೃತ್ತ ಕಿರಿಯ ಇಂಜಿನಿಯರ್, ತುಮಕೂರು ಜಿಲ್ಲೆ