ತನ್ನ ತಪ್ಪನ್ನು ತಾನೇ ಸಾರುವ ಅಳತೆ ಬೇಕು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ನೆರೆ ಹೊಸದಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದ್ದು ಯಾರೂ ಮರೆಯುವಂಥದಲ್ಲ. ಇಂಥ ನೆರೆಯಲ್ಲಿ ಬೆಳೆಯಷ್ಟೇ ಹೋಗುವುದಿಲ್ಲ. ಬದು ಕರಗುತ್ತದೆ, ಬಾಂದುಕಲ್ಲು ಹೂಳಿನಡಿ ಸೇರುತ್ತದೆ. ನೀರಿಳಿದ ಮೇಲೆ ಹದ್ದುಬಸ್ತಿನ ಅರ್ಜಿಗಳು ಆರಂಭವಾಗುತ್ತವೆ.

ಮುಂಬೈ ಪ್ರಾಂತ್ಯದ ಕಾಲದಿಂದ ಇಲ್ಲಿ ಭೂಮಿಯನ್ನು ಅಳೆದದ್ದು 33 ಅಡಿಯ ಸರಪಳಿ. ಈಗ ಅದರ ಸ್ಥಾನಕ್ಕೆ ಉಪಗ್ರಹ ಆಧಾರಿತ ರೋವರ್ ಬರುತ್ತಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆ ರಾಜ್ಯದಲ್ಲಿ ಸ್ಥಾಪಿಸಿರುವ ಸ್ಥಿರ ಕೇಂದ್ರಗಳು ಕಳುಹಿಸುವ ತಿದ್ದುಪಡಿಯನ್ನು ಮೊಬೈಲ್ ಜಾಲದ ಮೂಲಕ ಪಡೆದು, ಅದು ಕೆಲವೇ ಸೆಂಟಿಮೀಟರ್ ನಿಖರತೆಯಲ್ಲಿ ಸ್ಥಾನವನ್ನು ತಿಳಿಸಬಲ್ಲದು. ಇದು ಸ್ವಾಗತಾರ್ಹ. ಆದರೆ ಈ ವಿದ್ಯೆಯನ್ನು ಮೊದಲು ವ್ಯಾಪಕವಾಗಿ ಬಳಸಿದ ಹಡಗುಗಳಿಂದ ನಾವು ಕಲಿಯಬೇಕಾದ ಪಾಠವೊಂದಿದೆ.

2000ದ ಮೇ ತಿಂಗಳವರೆಗೆ ಅಮೆರಿಕವು ನಾಗರಿಕರ ಜಿಪಿಎಸ್ ಸಂಕೇತವನ್ನು ಉದ್ದೇಶಪೂರ್ವಕವಾಗಿ ಕೆಡಿಸುತ್ತಿತ್ತು. ನೂರು ಮೀಟರ್‌ನಷ್ಟು ವ್ಯತ್ಯಾಸ ಸಾಮಾನ್ಯವಾಗಿತ್ತು. ಆದ್ದರಿಂದ ಕರಾವಳಿಗಳಲ್ಲಿ ತಿದ್ದುಪಡಿ ಕೇಂದ್ರಗಳು ಹುಟ್ಟಿದವು. ತನ್ನ ನೆಲೆ ಖಚಿತವಾಗಿ ಗೊತ್ತಿರುವ ಕೇಂದ್ರವು ಉಪಗ್ರಹದ ಲೆಕ್ಕದಲ್ಲಿನ ದೋಷವನ್ನು ಕಂಡುಹಿಡಿದು ಹಡಗುಗಳಿಗೆ ರೇಡಿಯೊ ಮೂಲಕ ತಿಳಿಸುತ್ತಿತ್ತು. ಭಾರತದ ದೀಪಸ್ತಂಭ ಇಲಾಖೆಯೂ ಇಂಥ ಕೇಂದ್ರಗಳನ್ನು ಸ್ಥಾಪಿಸಿತು. ಗಮನಾರ್ಹವಾದುದು ಇನ್ನೊಂದು ಏರ್ಪಾಡು: ಕೇಂದ್ರವು ಪ್ರಸಾರ ಮಾಡಿದ ತಿದ್ದುಪಡಿಯನ್ನು ಮತ್ತೊಂದು ಗ್ರಾಹಕಯಂತ್ರ, ತಾನೇ ಹಡಗೆಂಬಂತೆ ಸ್ವೀಕರಿಸಿ ಪರೀಕ್ಷಿಸುತ್ತಿತ್ತು. ತಪ್ಪು ಮಿತಿ ಮೀರಿದರೆ ಕೆಲವೇ ಕ್ಷಣಗಳಲ್ಲಿ ‘ಇದನ್ನು ನಂಬಬೇಡಿ’ ಎಂಬ ಎಚ್ಚರಿಕೆ ಹೋಗುತ್ತಿತ್ತು. ಅಮೆರಿಕ ತನ್ನ ಕೇಂದ್ರಗಳನ್ನು 2020ರ ವೇಳೆಗೆ ಮುಚ್ಚಿದೆ. ಆದರೆ ಆ ತತ್ವ ಹಳೆಯದಾಗಿಲ್ಲ.

ನಮ್ಮ ಹೊಲಗಳಲ್ಲಿ ಆ ಎಚ್ಚರಿಕೆ ರೈತನಿಗೆ ತಲುಪುತ್ತದೆಯೇ? ಎದೆಮಟ್ಟ ಮೀರಿ ಬೆಳೆದ ಕಬ್ಬು, ಬದುವಿನ ಮರ, ಗೋಕಾಕದ ಬೆಟ್ಟಗಳ ಮರೆ, ಕ್ಷೀಣ ಮೊಬೈಲ್ ಸಂಕೇತ ಇವೆಲ್ಲ ಅಳತೆಯನ್ನು ಕೆಡಿಸಬಲ್ಲವು. ಅಳತೆ ಸ್ಥಿರಗೊಂಡಿದೆಯೇ, ಇನ್ನೂ ಅನಿಶ್ಚಿತವೇ ಎಂಬುದನ್ನು ರೋವರ್‌ನ ಪರದೆ ತೋರಿಸುತ್ತದೆ. ಅದನ್ನು ಕಾಣುವವನು ಭೂಮಾಪಕ ಮಾತ್ರ. ಒಂದು ಎಕರೆಯ ಚೌಕ ಹೊಲದ ಬದಿ ಸುಮಾರು 209 ಅಡಿ. ಬದು ಒಂದಡಿ ಸರಿದರೆ ಗುಂಟೆಯ ಐದನೆಯ ಒಂದು ಭಾಗ ಕೈಬಿಟ್ಟಂತೆ. ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲೇರಲು ಅಷ್ಟು ಸಾಕು.

ಆದ್ದರಿಂದ ಪ್ರತಿ ಬಾಂದನ್ನೂ ಬೇರೆ ಬೇರೆ ವೇಳೆಯಲ್ಲಿ ಎರಡು ಬಾರಿ ಅಳೆಯಬೇಕು. ದಿನದ ಕೆಲಸಕ್ಕೆ ಮೊದಲು ಸ್ಥಾನ ಖಚಿತವಿರುವ ಕಲ್ಲೊಂದರ ಮೇಲೆ ಯಂತ್ರವನ್ನು ಪರೀಕ್ಷಿಸಬೇಕು. ಅಳತೆಯ ಸ್ಥಿತಿ ಮತ್ತು ಸಂಭವನೀಯ ವ್ಯತ್ಯಾಸವನ್ನು ನಕ್ಷೆಯಲ್ಲೇ ಕನ್ನಡದಲ್ಲಿ ನಮೂದಿಸಿ ಉಭಯ ಪಕ್ಷಗಳಿಗೂ ಕೊಡಬೇಕು. ಎರಡನೆಯ ಅಳತೆಗೆ ತಗಲುವ ವೆಚ್ಚ ಸರ್ಕಾರದ್ದು. ಅದನ್ನು ಉಳಿಸಿದರೆ ತೆರಬೇಕಾದ ಬೆಲೆ ರೈತನದು. ಈ ಲೆಕ್ಕವನ್ನು ಇಲಾಖೆ ಮೊದಲು ಸರಿಪಡಿಸಲಿ.