ಶಿಳ್ಳೆ ನಮಗೆ, ಪಾಯಿಂಟ್ ಅವರಿಗೆ

ಬೇಸಿಗೆ ಬಂತೆಂದರೆ ನಮ್ಮ ಕಡೆ ಊರೂರಲ್ಲೂ ಹೊನಲು ಬೆಳಕಿನ ವಾಲಿಬಾಲ್. ಸುದ್ದಿ ಮಾಡಲು ಹೋಗಿದ್ದ ಒಂದು ಫೈನಲ್‌ನಲ್ಲಿ ಆ ಊರಿನ ಹುಡುಗರೇ ಕೊನೆಯ ಸೆಟ್ 15-12ರಲ್ಲಿ ಸೋತರು. ಗೆದ್ದ ದುಡ್ಡಲ್ಲಿ ಹೊಸ ನೆಟ್ ತರಬೇಕು ಅಂದುಕೊಂಡಿದ್ದರು ಪಾಪ. ಮನೆಗೆ ಬಂದು ನೋಟ್‌ಬುಕ್ ತೆಗೆದು ನೋಡಿದೆ. ಎದುರಾಳಿಯ 15ರಲ್ಲಿ 4 ಪಾಯಿಂಟ್ ಇವರೇ ಸರ್ವಿಸ್ ಕೆಡಿಸಿ ಕೊಟ್ಟಿದ್ದು. ಎರಡು ನೆಟ್‌ಗೆ, ಎರಡು ಗೆರೆ ಆಚೆಗೆ. ನಾಲ್ಕೂ ಜಂಪ್ ಸರ್ವಿಸ್. ಎದುರಿನವರು ದುಡಿದದ್ದು 11 ಮಾತ್ರ.

ಮರುದಿನ ಚಹಾ ಅಂಗಡಿಯಲ್ಲಿ ಹಳೇ ಆಟಗಾರರೊಬ್ಬರು, "ಹೋದ್ರೆ ಹೋಗ್ಲಿ ಬಿಡಪ್ಪಾ, ಸರ್ವಿಸ್ ಅಂದ್ರೆ ಜೋರಾಗೇ ಹೊಡೀಬೇಕು" ಅಂದರು. ಅವರ ಕಾಲಕ್ಕೆ ಆ ಮಾತು ಸರಿ. ಆಗ ಸರ್ವಿಸ್ ಮಾಡುವ ತಂಡಕ್ಕೆ ಮಾತ್ರ ಪಾಯಿಂಟ್. ಕೆಟ್ಟರೆ ಸರ್ವಿಸ್ ಆಚೆ ಹೋಗುತ್ತಿತ್ತು, ಅಷ್ಟೇ. ಬೆಂಗಳೂರಲ್ಲಿ ಈಗ ಜೋರಾಗಿರುವ ಪಿಕಲ್‌ಬಾಲ್‌ನ ಸಾಮಾನ್ಯ ಲೆಕ್ಕವೂ ಹಾಗೇ ಇದೆ. ವಾಲಿಬಾಲ್‌ನಲ್ಲಿ 1990ರ ದಶಕದ ಕೊನೆಗೆ ಎಲ್ಲ ಸೆಟ್‌ಗೂ ರ‍್ಯಾಲಿ ಪಾಯಿಂಟ್ ಬಂತು. ಈಗ ಸರ್ವಿಸ್ ಕೆಟ್ಟರೆ ಪಾಯಿಂಟೂ ಹೋಯಿತು, ಸರ್ವಿಸೂ ಹೋಯಿತು. ನಿಯಮ ಬದಲಾಯಿತು, ನಮ್ಮ ಅಭ್ಯಾಸ ಬದಲಾಗಲಿಲ್ಲ.

"ಟಿವೀಲಿ ಎಲ್ಲರೂ ಜಂಪ್ ಹೊಡೀತಾರಲ್ಲ ಅಣ್ಣಾ" ಅಂತ ಹುಡುಗರು ಕೇಳುತ್ತಾರೆ. ಹೌದು, ಅವರೂ ಕೆಡಿಸುತ್ತಾರೆ. ಆದರೆ ಅಲ್ಲಿ ಮೆತ್ತಗೆ ಹಾಕಿದ ಚೆಂಡು ಸೀದಾ ಲಿಫ್ಟರ್ ಕೈಗೆ ಹೋಗಿ ಸ್ಮ್ಯಾಶ್ ಆಗಿ ವಾಪಸ್ ಬರುತ್ತದೆ, ಅದಕ್ಕೇ ಆ ಜೂಜು. ನಮ್ಮಲ್ಲಿ ಮೊದಲ ಪಾಸ್ ಅಷ್ಟು ನೆಟ್ಟಗೆ ಹೋಗುವುದು ಎಷ್ಟು ಸಲ? ಚೆಂಡು ಆಚೆ ಬಿದ್ದರೆ ಅವರೂ ತಪ್ಪಬಹುದು. ನೆಟ್‌ಗೆ ಬಿದ್ದರೆ ತಪ್ಪಲು ಅವರಿಗೆ ಅವಕಾಶವೇ ಇಲ್ಲ. ಅಲ್ಲದೆ ಉಬ್ಬುತಗ್ಗಿನ ಮಣ್ಣಿನಲ್ಲಿ ಓಡಿ, ಕಣ್ಣಿಗೆ ಕುಕ್ಕುವ ಲೈಟಿನಡಿ ಎತ್ತರಕ್ಕೆ ಎಸೆದ ಚೆಂಡನ್ನು ಹುಡುಕಿ ಹೊಡೆಯುವುದು ಸುಲಭವಲ್ಲ.

ಹಾಗಂತ ಸುಮ್ಮನೆ ಎತ್ತಿ ಹಾಕಿ ಅನ್ನುತ್ತಿಲ್ಲ. ಫ್ಲೋಟ್ ಸರ್ವಿಸ್ ಇದೆಯಲ್ಲ. ಚೆಂಡನ್ನು ತೀರಾ ಎತ್ತರಕ್ಕೆ ಎಸೆಯದೆ, ಅಂಗೈ ಬಿಗಿ ಮಾಡಿ ಸರಿಯಾಗಿ ನಡುವಿಗೆ ಹೊಡೆದು, ಹೊಡೆದ ತಕ್ಷಣ ಕೈ ನಿಲ್ಲಿಸಬೇಕು. ಚೆಂಡು ತಿರುಗುವುದಿಲ್ಲ. ತಿರುಗದ ಚೆಂಡು ಗಾಳಿಗೆ ಅತ್ತಿತ್ತ ಅಲ್ಲಾಡುತ್ತದೆ, ತೆಗೆಯುವವನ ಅಂದಾಜು ತಪ್ಪುತ್ತದೆ. ಗೆರೆಯಿಂದ ಎರಡು ಹೆಜ್ಜೆ ಹಿಂದೆ ನಿಂತು, ಇಬ್ಬರ ನಡುವೆ ಬೀಳುವಂತೆ ಹಾಕಿ ನೋಡಿ. "ನಿಂದು, ನಿಂದು" ಅಂತ ಇಬ್ಬರೂ ನಿಂತುಬಿಡುತ್ತಾರೆ.

ನನ್ನ ಲೆಕ್ಕ ಇಷ್ಟೇ: ಅಭ್ಯಾಸದಲ್ಲಿ 10ಕ್ಕೆ 8 ಜಂಪ್ ಸರ್ವಿಸ್ ಒಳಗೆ ಬೀಳುವವನು ಮ್ಯಾಚಿನಲ್ಲೂ ಹೊಡೆಯಲಿ. ಅವನೂ ಸಹ, ಈಗಷ್ಟೇ ಜೊತೆಗಾರ ಸರ್ವಿಸ್ ಕೆಡಿಸಿದ್ದರೆ, ಅಥವಾ ಎದುರಿನವರು ಟೈಮ್‌ಔಟ್ ತೆಗೆದುಕೊಂಡು ಬಂದಿದ್ದರೆ, ಮೊದಲು ಚೆಂಡು ಒಳಗೆ ಹಾಕಲಿ.

ಆ ಫೈನಲ್‌ನಲ್ಲೂ ಅದೇ ತಂಡದ ಒಬ್ಬ ಸಣ್ಣ ಹುಡುಗ ನಿಂತಲ್ಲಿಂದಲೇ ಫ್ಲೋಟ್ ಹಾಕುತ್ತಿದ್ದ. ಒಂದೂ ಕೆಡಲಿಲ್ಲ, ಅವನ ಸರ್ವಿಸ್‌ನಲ್ಲಿ ಸತತ ಮೂರು ಪಾಯಿಂಟ್ ಬಂತು. ಯಾರೂ ಶಿಳ್ಳೆ ಹೊಡೆಯಲಿಲ್ಲ. ಮರುದಿನದ ನನ್ನ ವರದಿಯಲ್ಲೂ ಅವನ ಹೆಸರಿರಲಿಲ್ಲ.